ರಿಪೇರಿಯಾದ ಮೇಲಿನ ನಾಲ್ಕು ಶನಿವಾರ

ಅವನು ಅಂಗಡಿಯೊಳಗೆ ಬರುವ ಮೊದಲು ಹೊರಗೆ ನಿಂತು ಬೋರ್ಡ್ ಓದಿದ. ಓದಿ ಮುಗಿದ ಮೇಲೆ ಇನ್ನೊಂದು ಸಲ ಓದಿದ. ಕಂಕುಳಲ್ಲಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಭಾರದ ಗಂಟು. ಕೌಂಟರಿನ ಹಿಂದೆ ಕೂತಿದ್ದ ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟಳು.

"ಏನ್ ಬೇಕಿತ್ತು?"

"ನಿಮ್ಮ ಬೋರ್ಡಲ್ಲಿ ಒಂದು ತಪ್ಪಿದೆ" ಅಂದ ಅವನು. "ರಿಪೇರಿ ಅನ್ನೋದ್ರಲ್ಲಿ ದೀರ್ಘ ಇಲ್ಲ. ರಿಪೆರಿ ಅಂತಾಗಿದೆ."

"ನಮ್ಮಪ್ಪ ಬರೆಸಿದ್ದು. ಇಪ್ಪತ್ತೆರಡು ವರ್ಷದಿಂದ ನೇತಾಡ್ತಿದೆ. ದೀರ್ಘ ಇಲ್ಲ ಅಂತ ಇಲ್ಲೀವರೆಗೂ ಯಾರ ಮಿಷಿನ್ನೂ ನಿಂತಿಲ್ಲ."

ಅವನ ಕಿವಿ ಕೆಂಪಾಯಿತು. "ತಪ್ಪು ತಿಳ್ಕೋಬೇಡಿ. ನಾನು ಪ್ರೆಸ್ಸಲ್ಲಿ ಪ್ರೂಫ್ ನೋಡೋನು. ಕಣ್ಣು ತಾನಾಗೇ ಅಲ್ಲಿಗೆ ಹೋಗ್ಬಿಡತ್ತೆ."

"ಹೋಗಿ ಬಂತಲ್ಲ, ಆಯ್ತು. ಈಗ ಆ ಗಂಟು ಇಳಿಸಿ. ಭಾರ ಇದೆ."

ಗಂಟು ಬಿಚ್ಚಿದರೆ ಒಳಗಿದ್ದದ್ದು ಒಂದು ವಿ.ಸಿ.ಆರ್. ಮೂವತ್ತು ವರ್ಷದ ಹಿಂದಿನ ಮಾಡೆಲ್ಲು, ಮುಂದೆ ಬೆಳ್ಳಿಪಟ್ಟಿ, ಒಂದು ಗುಂಡಿ ಕಿತ್ತುಹೋಗಿ ಅದರ ಜಾಗದಲ್ಲಿ ಪೆನ್ನಿನ ಮುಚ್ಚಳ. ಜೊತೆಗೆ ಒಂದೇ ಒಂದು ಕ್ಯಾಸೆಟ್ಟು.

"ಹೆಡ್ ಹೋಗಿದೆ ಅಂದ್ರು, ಇನ್ನೊಂದು ಅಂಗಡಿಯೋರು."

"ಯಾರದು?"

"ಏನು?"

"ಹೆಡ್ಡು. ಯಾರದು ಹೋಗಿದೆ ಅಂದ್ರು?"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ನಕ್ಕ. ತಡವಾಗಿ ಬಂದರೂ ಅವನ ನಗು ಬೇಗ ಹೋಗುವಂಥದಾಗಿರಲಿಲ್ಲ. ಅವಳು ಮುಚ್ಚಳದ ಸ್ಕ್ರೂಗಳನ್ನೆಲ್ಲ ಬಿಚ್ಚಿಟ್ಟಾಗಲೂ ಅವನ ಬಾಯಂಚಿನಲ್ಲಿ ಇನ್ನೂ ಉಳಿದಿತ್ತು. ಅವಳು ಅದನ್ನು ಗಮನಿಸಿದ್ದನ್ನು ಅವನು ನೋಡಿಬಿಟ್ಟ. ಅವಳು ಸ್ಪಿರಿಟ್ಟಿನ ಬಾಟಲಿ ಹುಡುಕುವವಳಂತೆ ಬಗ್ಗಿದಳು. ಬಾಟಲಿ ಎದುರಿಗೇ ಇತ್ತು.

ಬೀದಿಯವರು ಅವಳನ್ನು ಟೇಪಕ್ಕ ಎನ್ನುತ್ತಿದ್ದರು. ವಯಸ್ಸು ಮೂವತ್ತೊಂಬತ್ತು. ಕೆಳಗೆ ಅಂಗಡಿ, ಮೇಲೆ ಅಣ್ಣ ಅತ್ತಿಗೆಯ ಮನೆ. ಈ ಕೆಲಸ ಕಲಿಸಿದ ಅಪ್ಪ ಆರು ವರ್ಷ ಹಾಸಿಗೆ ಹಿಡಿದು ಹೋಗಿದ್ದರು. ಅವರ ಆರೈಕೆಯಲ್ಲೇ ನೋಡಲು ಬರುವ ಗಂಡುಗಳ ಕಾಲವೂ ಕಳೆದಿತ್ತು. ಈಗ ಎಲ್ಲರ ಕೈಯಲ್ಲೂ ಮೊಬೈಲಿದ್ದರೂ, ಅಟ್ಟದ ಮೇಲಿಂದ ಹಳೆಯ ಕ್ಯಾಸೆಟ್ ಇಳಿಸಿಕೊಂಡು, 'ಇದರಲ್ಲಿ ನಮ್ಮ ತಾತ ಮಾತಾಡಿದ್ದಿದೆ, ಒಂದ್ಸಲ ತೋರಿಸ್ತೀರಾ' ಎಂದು ಬರುವವರು ಇದ್ದೇ ಇದ್ದರು. ಚಿತ್ರದ ಮೇಲೆ ಒಮ್ಮೆ ಕಣ್ಣು ಹಾಯಿಸಿದರೆ ಅವಳಿಗೆ ಅರ್ಧ ಕಾಯಿಲೆ ತಿಳಿಯುತ್ತಿತ್ತು. ಪರದೆ ತುಂಬ ಬಿಳಿ ಚುಕ್ಕಿಗಳ ಹಿಮ ಸುರಿದರೆ, ಟೇಪು ಓದುವ ಹೆಡ್ ಕೊಳೆಯಾಗಿದೆ. ಚಿತ್ರ ಮೇಲಿಂದ ಕೆಳಕ್ಕೆ ಉರುಳುತ್ತಿದ್ದರೆ ಮೋಟರಿನ ಓಟ ತಪ್ಪಿದೆ. ಪರದೆಯ ನೆತ್ತಿಯಲ್ಲಿ ಮಾತ್ರ ಚಿತ್ರ ಗಾಳಿಗೆ ಬಾಗಿದಂತೆ ಬಾಗಿದರೆ ಟೇಪಿನ ಬಿಗಿ ಸಡಿಲವಾಗಿದೆ.

ಅವಳು ತನ್ನದೊಂದು ಕ್ಯಾಸೆಟ್ ಹಾಕಿ ನೋಡಿದಳು. ಬೆಂಚಿನ ಮೇಲಿನ ಪುಟ್ಟ ಟಿ.ವಿ.ಯಲ್ಲಿ ಚಿತ್ರ ಕನ್ನಡಿಯಷ್ಟು ಸ್ವಚ್ಛ.

"ಹೆಡ್ ಗಟ್ಟಿಯಾಗಿದೆ. ಹೋಗಿದ್ರೆ ಎಲ್ಲಾ ಕ್ಯಾಸೆಟ್ಟಿಗೂ ತಕರಾರು ಮಾಡ್ತಿತ್ತು."

ಆಮೇಲೆ ಅವನ ಕ್ಯಾಸೆಟ್ ಹಾಕಿದಳು. ಪರದೆಯ ಮೇಲರ್ಧಕ್ಕೆ ದಪ್ಪನೆಯ ಹಿಮ. ಕೆಳಗೆ ಒಂದು ಅಂಗಳ, ಸೈಕಲ್ಲಿನ ಚಕ್ರ, ಎರಡು ಜೊತೆ ಕಾಲು. ಮುಖಗಳಿರಬೇಕಾದ ಕಡೆ ಬಿಳಿ ಗದ್ದಲ. ಅಂಗಡಿಯ ಇನ್ನೊಂದು ಮಿಷಿನ್ನಿಗೆ ಹಾಕಿದರೂ ಹಾಗೇ.

"ಹಾಗಾದ್ರೆ ಕ್ಯಾಸೆಟ್ಟೇ ಹಾಳಾಗಿದ್ಯಾ?" ಅವನ ದನಿ ಇಳಿದಿತ್ತು.

"ಇರಬಹುದು. ಇಲ್ದೇನೂ ಇರಬಹುದು. ಬಿಟ್ಟು ಹೋಗಿ. ಮುಂದಿನ ಶನಿವಾರ ಬನ್ನಿ."

ಹೋಗುವಾಗ ಅವನು ಬೋರ್ಡಿನತ್ತ ತಲೆಯೆತ್ತಲಿಲ್ಲ. ಬೇಕೆಂದೇ ಎತ್ತಲಿಲ್ಲ ಅನ್ನುವುದು ಅವಳಿಗೆ ಗೊತ್ತಾಗುವಂತೆ, ಕತ್ತು ಬಗ್ಗಿಸಿಕೊಂಡೇ ಹೊರಟ. ಅವಳಿಗೆ ನಗು ತಡೆಯಲಾಗಲಿಲ್ಲ.

ಶನಿವಾರ ಪ್ರೆಸ್ಸಿಗೆ ಅರ್ಧ ದಿನ ರಜೆ. ಮಧ್ಯಾಹ್ನ ಎರಡೂವರೆಗೆ ಸರಿಯಾಗಿ ಬಂದ. ಅಂಗಿಯ ತೋಳಿನ ಮೇಲೆ ಕೆಂಪು ಇಂಕಿನ ಗೀರು.

"ಈ ಕ್ಯಾಸೆಟ್ ಯಾವ ಮಿಷಿನ್ನಲ್ಲಿ ರೆಕಾರ್ಡ್ ಆಗಿದ್ದು?" ಎಂದು ಕೇಳಿದಳು.

"ಇದರಲ್ಲೇ. ಚಿಕ್ಕಪ್ಪ ಕ್ಯಾಮರಾದಲ್ಲಿ ತೆಗೆದಿದ್ರು, ಅಪ್ಪ ಇದಕ್ಕೆ ಇಳಿಸಿಕೊಂಡ್ರು."

"ಆಮೇಲೆ ಇದನ್ನ ಯಾರಾದ್ರೂ ಬಿಚ್ಚಿದ್ರಾ?"

"ಒಂದ್ಸಲ ಸರ್ವೀಸಿಗೆ ಹೋಗಿತ್ತು. ಯಾಕೆ?"

ಅವಳು ಹಣೆ ಚಚ್ಚಿಕೊಂಡಳು. "ಬನ್ನಿ ಇಲ್ಲಿ. ಟಾರ್ಚ್ ಹಿಡೀರಿ."

ಅವನು ಕೌಂಟರಿನ ಈಚೆ ಬಂದು ಬಗ್ಗಿದ. ಬೆಳ್ಳಿ ಬಣ್ಣದ ಡಬ್ಬಿಯಂಥ ಹೆಡ್ಡು, ಅದರ ಎಡಕ್ಕೊಂದು ಬಲಕ್ಕೊಂದು ಕಿರುಬೆರಳಿನ ಗಾತ್ರದ ಗೂಟ.

"ಟೇಪು ಈ ಎರಡು ಗೈಡುಗಳ ಮಧ್ಯೆ ಹಾದು ಹೋಗತ್ತೆ. ನಿಮ್ಮಪ್ಪ ರೆಕಾರ್ಡ್ ಮಾಡ್ದಾಗ ಈ ಎಡಗಡೆ ಗೈಡು ಎತ್ತರ ತಪ್ಪಿತ್ತು. ಮಿಷಿನ್ನು ಓರೆಯಾಗೇ ಬರೀತು. ಆಮೇಲೆ ಯಾರೋ ಪುಣ್ಯಾತ್ಮ ಅದನ್ನ ನೆಟ್ಟಗೆ ಮಾಡಿದ. ಈಗ ಇದಕ್ಕೆ ತನ್ನ ಅಕ್ಷರ ತನಗೇ ಓದೋಕಾಗ್ತಿಲ್ಲ."

ಅವನು ಟಾರ್ಚ್ ಹಿಡಿದುಕೊಂಡೇ ಅವಳ ಮುಖ ನೋಡಿದ. "ನಮ್ಮಲ್ಲೂ ಹೀಗೇ ಆಗತ್ತೆ. ಒಬ್ಬ ಕವಿ ಬೇಕಂತಲೇ ತಪ್ಪಾಗಿ ಬರೆದಿದ್ದ. ನಾನು ಶ್ರದ್ಧೆಯಿಂದ ಎಲ್ಲಾ ತಿದ್ದಿ ಕಳಿಸಿದೆ. ಪ್ರೆಸ್ಸಿಗೇ ಬಂದು ಜಗಳ ಆಡಿದ."

"ಹೊಡೆದ್ನಾ?"

"ಕೈ ಎತ್ತಿದ್ದ. ಅಷ್ಟರಲ್ಲಿ ನಾನು ಅವನ ಎರಡನೇ ಪುಸ್ತಕ ಹೊಗಳಿದೆ."

ಅವಳು ನಗುವಾಗ ಹಣೆಗೆ ಬಿದ್ದ ಕೂದಲನ್ನು ಮೊಣಕೈಯಿಂದ ಹಿಂದೆ ತಳ್ಳಿದಳು, ಬೆರಳಿಗೆಲ್ಲ ಸ್ಪಿರಿಟ್ಟು. ಕೂದಲು ಮತ್ತೆ ಬಿತ್ತು. ಟಾರ್ಚಿನ ಬೆಳಕು ಗೈಡಿನ ಮೇಲಿಂದ ಮೆಲ್ಲಗೆ ಜಾರಿ ಅವಳ ಕೆನ್ನೆಯ ಮೇಲೆ ನಿಂತಿತು.

"ಸ್ಕ್ರೂ ಆ ಕಡೆ ಇದೆ" ಅಂದಳು ಅವಳು, ತಲೆ ಎತ್ತದೆ.

"ಗೊತ್ತು" ಅಂದ ಅವನು.

ಟೀ ಕುಡಿಯುವಾಗ ಕ್ಯಾಸೆಟ್ಟಿನ ವಿಷಯ ಹೇಳಿದ. ಅದರಲ್ಲಿರುವುದು ಅವನ ತಂಗಿ, ಒಂಬತ್ತು ವರ್ಷದವಳು, ಸೈಕಲ್ ಕಲಿಯುತ್ತಿರುವುದು. ಹದಿನೇಳಕ್ಕೆ ಜ್ವರ ಬಂದು ಹೋಗಿಬಿಟ್ಟಳು. ಅಪ್ಪನೂ ಈಗಿಲ್ಲ, ಮನೆಯಲ್ಲಿ ಅಮ್ಮ, ಅವನು ಇಬ್ಬರೇ. ಇಷ್ಟು ವರ್ಷ ಅದನ್ನು ನೋಡಲು ಅಮ್ಮ ಒಪ್ಪಿರಲಿಲ್ಲ. ಕ್ಯಾಸೆಟ್ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು.

"ಈಗ ಒಂದ್ಸಲ ನೋಡ್ಬೇಕು ಅಂತಾರೆ" ಅಂದ.

ಈಗಲೇ ಯಾಕೆ ಎಂದು ಅವಳು ಕೇಳಲಿಲ್ಲ. ಅವಳ ಗಮನ ಅವನ ಬೆರಳಿನ ಮೇಲಿತ್ತು. ಮಾತಾಡುವಾಗ ಅವನ ತೋರುಬೆರಳು ಮೇಜಿನ ಮೇಲೆ ಸಾಲು ಸಾಲಾಗಿ ಓಡುತ್ತಿತ್ತು, ಕಾಣದ ಯಾವುದೋ ಪುಟ ಓದುವಂತೆ.

ಬುಧವಾರ ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬಳೇ ಇದ್ದಾಗ ಕೆಲಸ ಆಯಿತು. ಗೈಡನ್ನು ಮತ್ತೆ ಹಳೆಯ ಓರೆಗೆ ತರಲು ಅದರ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವುದು, ನೋಡುವುದು, ಮತ್ತೆ ತಿರುಗಿಸುವುದು. ಅರ್ಧ ಸುತ್ತಿಗೆ ಬರುವಾಗ ಹಿಮವೆಲ್ಲ ಮೇಲಕ್ಕೆ ಸರಿದು ಪರದೆಯ ಆಚೆ ಹೊರಟುಹೋಯಿತು. ಕೆಳಗೆ ಬರೀ ಕಾಲುಗಳಾಗಿದ್ದವರಿಗೆ ಮುಖ ಬಂತು. ಹಳದಿ ಫ್ರಾಕಿನ ಹುಡುಗಿ ಸೈಕಲ್ ಮೇಲೆ, ಹಿಂದೆ ಸೀಟು ಹಿಡಿದು ಓಡುತ್ತಿರುವ, ಕಿವಿ ಎದ್ದು ಕಾಣುವ ಹದಿನಾಲ್ಕರ ಹುಡುಗ.

"ಬಿಡಬೇಡ ಕಣೋ! ಬಿಟ್ರೆ ಅಮ್ಮಂಗೆ ಹೇಳ್ತೀನಿ!" ಎಂದು ಹುಡುಗಿ ಕಿರುಚುತ್ತಿದ್ದಳು. ಅವನು ಆಗಲೇ ಬಿಟ್ಟಾಗಿತ್ತು. ದೂರದಲ್ಲಿ ಎರಡೂ ಕೈ ಮೇಲೆತ್ತಿ, ಉಸಿರು ಬಿಗಿಹಿಡಿದು ನಿಂತಿದ್ದ. ಹುಡುಗಿ ಬೀಳದೆ ಹೋಗುತ್ತಿದ್ದಳು. ಆಗ ಅವನು ನಕ್ಕ. ಅದೇ ತಡವಾದ ನಗು.

ಅವಳು ಅದನ್ನು ಮೂರು ಸಲ ನೋಡಿದಳು. ಹನ್ನೊಂದು ನಿಮಿಷದ್ದು. ನೋಡಿ ಮುಗಿಸಿದಾಗ ಎದೆಯಲ್ಲಿ ಒಂದು ಖುಷಿ, ಅದರ ಬೆನ್ನಿಗೇ ಒಂದು ಲೆಕ್ಕ: ಶನಿವಾರ ಬರುತ್ತಾನೆ, ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾನೆ. ಆಮೇಲಿನ ಶನಿವಾರ ಬರುವುದಕ್ಕೆ ಅವನಿಗೆ ಕಾರಣವೇ ಇರುವುದಿಲ್ಲ.

ಶನಿವಾರ ಅವನು ಬೇಕರಿಯ ಬಿಸ್ಕತ್ತು ತಂದಿದ್ದ. "ಏನಾಯ್ತು ನಮ್ಮ ರೋಗಿ?"

'ಆಯ್ತು' ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿಂದ ಬಂದದ್ದು ಬೇರೆ.

"ಇನ್ನೊಂದ್ ವಾರ ಆಗತ್ತೆ. ಒಂದು ಬೆಲ್ಟು ಬರಬೇಕು."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು, ಎಷ್ಟು ಸಲೀಸಾಗಿ ಬಂತು ಎಂದು. ಅವನು ಕುರ್ಚಿ ಎಳೆದುಕೊಂಡು ಕೂತ. "ಸರಿ. ಬಿಸ್ಕತ್ತಂತೂ ಇವತ್ತಿಂದೇ."

ಹಾಗೆ ಶುರುವಾಯಿತು.

ಮುಂದಿನ ಶನಿವಾರ ಅವಳು ಮೇಲಿನಿಂದ ಟೀ ತರಲು ಹೋಗಿ ಬಂದು, ಬೆಲ್ಟು ಬಂದಿದೆ ಆದರೆ ಅಳತೆ ತಪ್ಪು ಎಂದಳು. ಅದರಾಚೆಯ ವಾರ ಇನ್ನೇನೋ. ಅವನು ಪ್ರತಿ ಸಲ ತಲೆಯಾಡಿಸಿ ಕೂರುತ್ತಿದ್ದ. ಒಂದು ಗಂಟೆ ಎರಡಾಯಿತು, ಎರಡು ಮೂರಾಯಿತು. ಅವಳು ಬೇರೆಯವರ ಮಿಷಿನ್ ಬಿಚ್ಚಿದರೆ ಅವನು ಸ್ಕ್ರೂಗಳನ್ನು ಗಾತ್ರದ ಪ್ರಕಾರ ಸಾಲಾಗಿ ಜೋಡಿಸುತ್ತಿದ್ದ. ಒಮ್ಮೆ ಇಬ್ಬರ ಕೈಯೂ ಒಂದೇ ಸ್ಕ್ರೂಗೆ ಹೋಯಿತು. ಇಬ್ಬರೂ ತೆಗೆದುಕೊಳ್ಳಲಿಲ್ಲ, ಸ್ಕ್ರೂ ಅಲ್ಲೇ ಉಳಿಯಿತು, ಬೆರಳುಗಳೂ ಸ್ವಲ್ಪ ಹೊತ್ತು ಅಲ್ಲೇ ಉಳಿದವು.

ಅತ್ತಿಗೆ ಮೆಟ್ಟಿಲ ಮೇಲಿಂದ ಬಗ್ಗಿ ನೋಡಿ ಹೋಗುತ್ತಿದ್ದಳು. "ಬಂತಾ ನಿನ್ನ ಶನಿವಾರ?" ಎಂದು ಕಣ್ಣು ಹೊಡೆಯುತ್ತಿದ್ದಳು.

"ಗಿರಾಕಿ ಅತ್ತಿಗೆ."

"ಗೊತ್ತು ಬಿಡೇ. ಗಿರಾಕಿ ಬರ್ತಾನೆ ಅಂತ ಬೆಳಿಗ್ಗೆಯಿಂದ ಮೂರು ಸಲ ತಲೆ ಬಾಚ್ಕೊಳ್ಳೋ ಮೆಕ್ಯಾನಿಕ್ ನೀನೊಬ್ಳೇ ಇರೋದು."

ವಾರದ ಬೇರೆ ದಿನಗಳಲ್ಲಿ ಅವಳು ಕ್ಯಾಸೆಟ್ ಹಾಕಿ ಆ ಹುಡುಗನನ್ನು ನೋಡುತ್ತಿದ್ದಳು. ಕೈ ಮೇಲೆತ್ತಿ ನಿಂತ ಆ ಗಳಿಗೆಯನ್ನು ನಿಲ್ಲಿಸಿ ನೋಡುತ್ತಿದ್ದಳು. ಕ್ಯಾಸೆಟ್ಟನ್ನು ಮಿಷಿನ್ನಿನಿಂದ ತೆಗೆಯುತ್ತಲೇ ಇರಲಿಲ್ಲ.

ಮೂರನೆಯ ಸುಳ್ಳಿನ ಶನಿವಾರ ಅವನು ಟೀ ಲೋಟ ತಿರುಗಿಸುತ್ತ ಅಂದ, "ಅಮ್ಮ ಕೇಳ್ತಿದ್ರು."

"ಅವಸರ ಇದ್ಯಾ?"

ಅವನು ಲೋಟದೊಳಗೆ ನೋಡಿದ. ತುಸು ಹೆಚ್ಚೇ ಹೊತ್ತು ನೋಡಿದ. "ಅವಸರ ಅಂತೇನಿಲ್ಲ."

ನಾಲ್ಕನೆಯ ಶನಿವಾರ ಅವನು ಅವಳ ಅಂಗೈ ಕೇಳಿದ. "ಕೊಡಿ, ಒಂದು ಗುರುತು ಕಲಿಸ್ತೀನಿ." ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು ಅಂಗೈಯ ಗೆರೆಯ ಕೆಳಗೆ ನಾಲ್ಕು ಚುಕ್ಕಿ ಇಟ್ಟ. ಪೆನ್ಸಿಲಿನ ತುದಿ ಕಚಗುಳಿಯಿಟ್ಟಿತು.

"ಹಂಗಂದ್ರೆ?"

"ತಪ್ಪು ತಿಳಿದು ಹೊಡೆದುಹಾಕಿದ ಮಾತಿನ ಕೆಳಗೆ ಹೀಗೆ ಹಾಕ್ತೀವಿ. ಇದು ಇರಲಿ, ತೆಗೀಬೇಡಿ ಅಂತ."

ಅವನು ಕೈ ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ. ಹೊರಗೆ ಯಾರೋ ಸ್ಕೂಟರ್ ನಿಲ್ಲಿಸಿದ ಸದ್ದಾಗುವವರೆಗೂ ಹಾಗೇ ಇದ್ದರು. ಅವನು ಹೋದ ಮೇಲೆ ಅವಳು ಆ ಕೈ ತೊಳೆಯಲಿಲ್ಲ. ಮುಂದಿನ ವಾರ ಎಲ್ಲ ಹೇಳಿಬಿಡಬೇಕು ಎಂದುಕೊಂಡಳು. ಮಿಷಿನ್ ಯಾವಾಗಲೋ ಆಗಿದೆ, ನಿಮ್ಮನ್ನು ನೋಡುವ ಆಸೆಗೆ ಹೀಗೆ ಮಾಡಿದೆ ಎಂದರೆ ಅವನು ನಗುತ್ತಾನೆ. ತಡವಾಗಿ ನಗುತ್ತಾನೆ, ಆದರೆ ನಗುತ್ತಾನೆ.

ಮುಂದಿನ ಶನಿವಾರ ಅವನು ಬರಲಿಲ್ಲ.

ಬಂದದ್ದು ಅದರಾಚೆಯ ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ. ಗಡ್ಡ ಬೆಳೆದಿತ್ತು. ಕೂರಲಿಲ್ಲ.

"ಮಿಷಿನ್ ಆಯ್ತಾ?"

"ಆಗಿದೆ. ಏನಾಯ್ತು ನಿಮಗೆ?"

"ಅಮ್ಮನ ಕಣ್ಣು ಹೋಯ್ತು."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ.

"ಸಕ್ಕರೆ ಕಾಯಿಲೆ. ಒಂದು ಕಣ್ಣು ಹೋಗಿ ಮೂರು ವರ್ಷ ಆಗಿತ್ತು. ಇನ್ನೊಂದರಲ್ಲಿ ಯಾವತ್ತು ಬೇಕಾದ್ರೂ ರಕ್ತನಾಳ ಒಡೀಬಹುದು ಅಂದಿದ್ರು ಡಾಕ್ಟ್ರು. ಅದಕ್ಕೇ ಅಮ್ಮ, ಇರೋವಾಗಲೇ ಒಂದ್ಸಲ ಅವಳನ್ನ ನೋಡ್ಬಿಡ್ತೀನಿ ಅಂದಿದ್ದು." ಅವನು ಕೌಂಟರಿನ ಅಂಚು ಹಿಡಿದುಕೊಂಡ. "ಹೋದ ವಾರ, ಗುರುವಾರ ಬೆಳಿಗ್ಗೆ ಎದ್ದು, ಲೈಟ್ ಹಾಕೋ ಅಂದ್ರು. ಲೈಟ್ ಉರೀತಾನೇ ಇತ್ತು."

ಅವಳು ಸ್ಟೂಲಿನ ಮೇಲೆ ಕೂತಳು.

"ತಗೊಂಡ್ ಬಾ, ದನಿಯಾದ್ರೂ ಕೇಳ್ತೀನಿ ಅಂತಿದಾರೆ" ಅಂದ ಅವನು. "ನಂಗೆ ವೈರು ಜೋಡಿಸೋಕೆ ಬರಲ್ಲ. ನೀವು ಬರ್ತೀರಾ?"

ಎರಡು ಕೋಣೆಯ ಮನೆ, ಮೂರನೆಯ ಮಹಡಿ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಮ್ಮ ನೆಟ್ಟಗೆ ಕೂತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಮುಖ ಟಿ.ವಿ. ಕಡೆಗಿರದೆ ಕೊಂಚ ಬಲಕ್ಕೆ, ಗೋಡೆಯ ಮೂಲೆಗೆ ತಿರುಗಿತ್ತು. ಅದನ್ನು ಸರಿಪಡಿಸುವ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಅವಳು ವೈರು ಜೋಡಿಸಿ ಪ್ಲೇ ಒತ್ತಿದಳು. "ಬಿಡಬೇಡ ಕಣೋ!" ಎಂಬ ದನಿ ಕೋಣೆ ತುಂಬಿತು. ಅಮ್ಮನ ಎರಡೂ ಕೈ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡವು.

"ಯಾವ ಫ್ರಾಕು?" ಎಂದು ಕೇಳಿದರು.

ಅವನು ಬಾಗಿಲ ಬಳಿ ನಿಂತಿದ್ದ. ಉತ್ತರಿಸಲು ಬಾಯಿ ತೆರೆದವನು ಅಳು ಬಂದು ತೋಳಿಗೆ ಮುಖ ಒತ್ತಿಕೊಂಡ. ಅವಳೇ ಹೇಳಿದಳು. "ಹಳದೀದು. ತೋಳಿಗೆ ಬಿಳಿ ಪಟ್ಟಿ ಇದೆ."

"ನಾನೇ ಹೊಲಿದಿದ್ದು. ಎಡಗಡೆ ತೋಳು ಬಿಗಿ ಅಂತ ಬೈತಿದ್ಳು. ಹಲ್ಲು?"

"ಮುಂದಿಂದು ಒಂದಿಲ್ಲ."

ಅಮ್ಮ ನಕ್ಕರು. "ನಗ್ತಿದ್ದಾಳಾ ಅವಳು?"

"ಇಲ್ಲ ಅಮ್ಮ, ಅಣ್ಣಂಗೆ ಬೈತಿದ್ದಾಳೆ."

"ಮುಖ ಹೇಗಿದೆ ಹೇಳು."

ಅವಳು ಶುರುಮಾಡಿದಳು. ಹಣೆ ಅಗಲ. ಹುಬ್ಬು ತೆಳುವು. ಬಲಗೆನ್ನೆಯ ಮೇಲೆ ಏನೋ ಕಲೆ, ಮಣ್ಣಿರಬಹುದು. ಹೇಳುತ್ತಾ ಹೋದಂತೆ ಇದು ಯಾವ ಹುಡುಗಿಯ ಮುಖವಾದರೂ ಆಗಬಹುದು ಅನ್ನಿಸಿತು. ಮಾತು ಮುಗಿಯಿತು, ಮುಖ ಉಳಿಯಿತು.

"ಸಾಕು ಬಿಡು, ನೆನಪಿದೆ ನಂಗೆ" ಅಂದರು ಅಮ್ಮ. ಸ್ವಲ್ಪ ಹೊತ್ತಿನ ಮೇಲೆ, "ನೆನಪಿದೆ ಅಂದ್ಕೊಂಡಿದ್ದೆ."

ಹನ್ನೊಂದು ನಿಮಿಷ ಮುಗಿಯಿತು. ಅಮ್ಮ ಕೈ ಚಾಚಿ ಅವಳ ಕೈ ಹುಡುಕಿಕೊಂಡರು. "ಎರಡು ವಾರ ಮುಂಚೆ ಆಗಿದ್ರೆ ನೋಡ್ಬಿಡ್ತಿದ್ದೆ. ಹೋಗ್ಲಿ. ಸಾಮಾನು ಸಿಗದಿದ್ರೆ ನೀನೇನ್ ಮಾಡ್ತೀಯ ಮಗಳೇ."

ಅವಳು ಹೇಗೋ ಎದ್ದು ಹೊರಗೆ ಬಂದಳು. ಮೆಟ್ಟಿಲಿನ ತಿರುವಿನಲ್ಲಿ ಅವನು ಹಿಂದೆಯೇ ಬಂದ.

"ಯಾವ ಸಾಮಾನೂ ಬರಬೇಕಿರಲಿಲ್ಲ" ಅಂದಳು. ಮುಖ ಗೋಡೆಗೆ ತಿರುಗಿತ್ತು. "ನೀವು ಮೂರನೇ ಸಲ ಬರೋ ಹೊತ್ತಿಗೇ ಮಿಷಿನ್ ಆಗಿತ್ತು. ಬುಧವಾರಾನೇ ಆಗಿತ್ತು. ಕೊಟ್ಟುಬಿಟ್ರೆ ನೀವು ಬರಲ್ಲ ಅಂತ ಸುಳ್ಳು ಹೇಳ್ದೆ. ನಾಲ್ಕು ವಾರ ಹೇಳ್ದೆ."

ಕೆಳಗಿನ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು.

"ಏನಾದ್ರೂ ಬೈರಿ."

"ಗೊತ್ತಿತ್ತು" ಅಂದ ಅವನು.

ಅವಳು ತಿರುಗಿದಳು.

"ಬೆಲ್ಟಿನ ಅಳತೆ ತಪ್ಪು ಅಂದ್ರಲ್ಲ, ಆವತ್ತು. ನೀವು ಟೀ ತರೋಕೆ ಮೇಲೆ ಹೋಗಿದ್ರಿ. ಕ್ಯಾಸೆಟ್ ಒಳಗೇ ಇತ್ತು. ಸುಮ್ನೆ ಒತ್ತಿದೆ. ಪೂರ್ತಿ ಬಂತು. ಅವಳ ಮುಖ ಬಂತು." ಅವನು ಮೆಟ್ಟಿಲಿನ ಕಂಬಿ ಹಿಡಿದುಕೊಂಡ. "ನಿಲ್ಲಿಸಿ, ಬಂದು ಕುರ್ಚೀಲಿ ಕೂತ್ಕೊಂಡೆ. ನೀವು ಬಂದು 'ಇನ್ನೊಂದ್ ವಾರ' ಅಂದಾಗ ನಂಗೆ ಎಷ್ಟು ಖುಷಿಯಾಯ್ತು ಗೊತ್ತಾ? ಇವಳಿಗೂ ನಾನು ಬೇಕು ಅಂತ."

"ಅಮ್ಮನ ಕಣ್ಣಿನ ವಿಷಯ..."

"ನಿಮಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು. ಇನ್ನೊಂದ್ ವಾರಕ್ಕೆ ಏನಾಗ್ಬಿಡತ್ತೆ ಅಂದ್ಕೊಂಡೆ. ಅವಸರ ಇದ್ಯಾ ಅಂತ ಕೇಳಿದ್ರಿ ನೀವು. ಕೇಳಿದ್ರಿ."

ಅವಳು ಮೆಟ್ಟಿಲ ಮೇಲೆ ಕೂತಳು. ಅವನೂ ಕೂತ, ಎರಡು ಮೆಟ್ಟಿಲು ಕೆಳಗೆ. ಅವನಿಗೂ ಗೊತ್ತಿತ್ತು ಎಂದು ತಿಳಿದು ಅವಳ ಮನಸ್ಸು ಹಗುರಾಗಬೇಕಿತ್ತು. ಹಾಗಾಗಲಿಲ್ಲ. ಕಳ್ಳತನವನ್ನು ಇಬ್ಬರು ಹಂಚಿಕೊಂಡರೂ ಕಳೆದುಕೊಂಡವರಿಗೆ ಅದು ಅರ್ಧವಾಗುವುದಿಲ್ಲ.

"ಈ ತಿಂಗಳು ಅಮ್ಮನ ಹತ್ರ ನಿಮ್ಮ ವಿಷಯ ಮಾತಾಡ್ಬೇಕು ಅಂತಿದ್ದೆ" ಅಂದ.

"ಈಗ?"

ಅವನು ತಲೆಯಾಡಿಸಿದ. "ನಿಮ್ಮನ್ನ ನೋಡಿದ್ರೆ ಈಗಲೂ ಎದೆ ಹೊಡ್ಕೊಳತ್ತೆ. ಮರುಗಳಿಗೆಗೆ ನನ್ನ ಮೇಲೇ ಅಸಹ್ಯ ಆಗತ್ತೆ. ಒಂದೇ ಮನೇಲಿ ಹೇಗಿರೋದು, ಅಮ್ಮನ ಎದುರಿಗೆ?"

ಅವಳು ಎದ್ದು, ಅವನನ್ನು ದಾಟಿ ಮೆಟ್ಟಿಲಿಳಿದಳು.

ಆದರೆ ಅಮ್ಮ ಅವಳನ್ನು ಮತ್ತೆ ಕರೆಸಿದರು. ಮಗನಿಗೆ ವರ್ಣಿಸಲು ಬರುವುದಿಲ್ಲ, ಅಳುತ್ತಾನೆ; ಆ ಹುಡುಗಿಯೇ ಬಂದು ಹೇಳಲಿ ಎಂದರು. ಹೀಗಾಗಿ ಪ್ರತಿ ಮಂಗಳವಾರ ಅವನು ಪ್ರೆಸ್ಸಿಗೆ ಹೋದ ಮೇಲೆ ಅವಳು ಹೋಗತೊಡಗಿದಳು. ಅವನು ಬರುವ ಮೊದಲು ಹೊರಟುಬಿಡುತ್ತಿದ್ದಳು. ಯಾರೂ ಯಾರಿಗೂ ಹೇಳಿಕೊಳ್ಳದೆ ಆ ಏರ್ಪಾಡು ಆಗಿತ್ತು. ಅವನು ತೊಳೆದು ಮಗುಚಿಟ್ಟ ಲೋಟದಲ್ಲಿ ಅವಳು ನೀರು ಕುಡಿಯುತ್ತಿದ್ದಳು. ಮೇಜಿನ ಮೇಲಿನ ಪ್ರೂಫಿನ ಹಾಳೆಗಳಲ್ಲಿ ಅವನ ಕೆಂಪು ಗೀರುಗಳನ್ನು ನೋಡುತ್ತಿದ್ದಳು. ಅವನ ಅಂಗಿ ಬಾಗಿಲ ಹಿಂದೆ ನೇತಾಡುತ್ತಿದ್ದರೆ ಆ ಕಡೆ ನೋಡುತ್ತಿರಲಿಲ್ಲ.

ಮನೆಯಲ್ಲಿ ಅತ್ತಿಗೆ ಮೊದಮೊದಲು ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಶನಿವಾರ ಮಧ್ಯಾಹ್ನ ತಾನೇ ಕೆಳಗಿಳಿದು ಬಂದು, ಸುಮ್ಮನೆ ಟೀ ಇಟ್ಟು ಹೋಗುತ್ತಿದ್ದಳು.

ಅಮ್ಮ ಆ ಹನ್ನೊಂದು ನಿಮಿಷಗಳನ್ನು ಸೂಜಿ ಹಿಡಿದು ಕೆದಕಿದಂತೆ ಕೇಳುತ್ತಿದ್ದರು. ಅಂಗಳದ ಗೋಡೆಗೆ ಆಗ ಸುಣ್ಣ ಆಗಿತ್ತಾ? ಹಗ್ಗದ ಮೇಲೆ ಯಾರ ಬಟ್ಟೆ ಒಣಗ್ತಿದೆ? ನನ್ನ ನೆರಳೇನಾದರೂ ಬಿದ್ದಿದೆಯಾ? ಒಂದು ಮಂಗಳವಾರ ಅವಳು ನಿಜವಾಗಿಯೂ ಆ ನೆರಳನ್ನು ಕಂಡಳು, ಚಿತ್ರದ ಎಡ ಅಂಚಿನಲ್ಲಿ, ಸೊಂಟದ ಮೇಲೆ ಕೈಯಿಟ್ಟುಕೊಂಡ ಹೆಂಗಸಿನ ನೆರಳು. ಹೇಳಿದಾಗ ಅಮ್ಮ ಸಣ್ಣ ಹುಡುಗಿಯಂತೆ ಅತ್ತರು. ಅವಳನ್ನು ಎಳೆದು ಕೆನ್ನೆ ಸವರಿದರು. "ನೀನು ಸಿಕ್ಕಿದ್ದು ನನ್ನ ಪುಣ್ಯ" ಅಂದರು. ಆ ವಾರ ಅವಳಿಗೆ ಊಟ ಸೇರಲಿಲ್ಲ.

ಎಂಟು ತಿಂಗಳಾದ ಮೇಲೆ ಒಂದು ದಿನ ಅಮ್ಮ ಟಿ.ವಿ. ಹಾಕಲು ಬಿಡಲಿಲ್ಲ.

"ಇವತ್ತು ಬೇಡ. ಕೂತ್ಕೋ. ನೀನೂ ನನ್ನ ಮಗನೂ ಯಾಕೆ ಮಾತಾಡಲ್ಲ?"

"ಹಾಗೇನಿಲ್ಲ ಅಮ್ಮ."

"ಮಿಷಿನ್ ಕೊಡೋ ಮುಂಚೆ ಅವನು ಶನಿವಾರ ಬಂದ್ರೆ ಶಿಳ್ಳೆ ಹೊಡ್ಕೊಂಡು ಮೆಟ್ಟಿಲು ಹತ್ತೋನು. ಈಗ ನಿನ್ನ ಮಾತೆತ್ತಿದ್ರೆ ಎದ್ದು ಹೋಗ್ತಾನೆ. ನಿನ್ನ ಕೈ ಹಿಡಿದ್ರೆ ತಣ್ಣಗಿರತ್ತೆ. ಕಣ್ಣು ಹೋಗಿದೆ ನಂಗೆ, ಬುದ್ಧಿ ಹೋಗಿಲ್ಲ. ಏನ್ ಮಾಡಿದ ಅವನು?"

ಅವನ ಮೇಲೆ ತಪ್ಪು ಬರುತ್ತಿದೆ ಅನ್ನಿಸಿದ್ದೇ ಅವಳ ಬಾಯಿ ತೆರೆಯಿತು. "ಅವರೇನೂ ಮಾಡಿಲ್ಲ. ಮಾಡಿದ್ದು ನಾನು."

ಮತ್ತೆ ನಿಲ್ಲಿಸಲಾಗಲಿಲ್ಲ. ಬುಧವಾರ, ಅರ್ಧ ಸುತ್ತಿನ ಸ್ಕ್ರೂ, ಬರಬೇಕಿಲ್ಲದ ಬೆಲ್ಟು, ನಾಲ್ಕು ಶನಿವಾರ, ಎಲ್ಲ ಹೇಳಿದಳು. ತನಗೆ ಕಣ್ಣಿನ ವಿಷಯ ತಿಳಿದಿರಲಿಲ್ಲ ಅನ್ನುವುದನ್ನು ಹೇಳಲಿಲ್ಲ. ಅದು ನೆಪವಾಗಿ ಕೇಳಿಸುತ್ತಿತ್ತು.

ಅಮ್ಮ ಮೆಲ್ಲಗೆ ತಮ್ಮ ಕೈಯನ್ನು ಅವಳ ಕೈಯಿಂದ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

"ನಾಲ್ಕು ವಾರ."

"ಹೂಂ."

"ಇಪ್ಪತ್ತೆಂಟು ದಿನ. ದಿನಕ್ಕೊಂದ್ಸಲ ನೋಡಿದ್ರೂ ಸ್ವಲ್ಪ ತುಂಬ್ಕೊಂಡಿರ್ತಿದ್ದೆ." ದನಿ ಏರಲಿಲ್ಲ. "ನಿನಗೆ ಅವನು ಬೇಕಾಗಿದ್ದ. ತಪ್ಪಲ್ಲ. ಬಾಯಿಬಿಟ್ಟು ಹೇಳಿದ್ರೆ ಆಗ್ತಿತ್ತಲ್ಲೇ."

ಅವಳು ಅಳುತ್ತಿದ್ದಳು. ಸದ್ದು ಬರದಂತೆ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡಿದ್ದಳು.

"ಅವನಿಗೆ ಗೊತ್ತಿತ್ತಾ?"

ಕಿಟಕಿಯ ಹೊರಗೆ ಬಸ್ಸೊಂದು ಹಾದುಹೋಯಿತು. ಅದು ದೂರವಾಗುವವರೆಗೂ ಅಮ್ಮ ಕಾದರು, ಉತ್ತರ ಚೆನ್ನಾಗಿ ಕೇಳಿಸಲಿ ಎಂಬಂತೆ ತಲೆ ವಾಲಿಸಿಕೊಂಡು. ಈ ಮನೆಯಲ್ಲಿ ಇನ್ನು ಇರುವವರು ಇಬ್ಬರೇ. ಮಗ ಅನ್ನ ಕಲಸಿ ಕೈಗಿಡಬೇಕು, ಮಾತ್ರೆ ಎಣಿಸಿ ಕೊಡಬೇಕು, ತೋಳು ಹಿಡಿದು ನಡೆಸಬೇಕು.

"ಇಲ್ಲ" ಅಂದಳು ಅವಳು. "ಅವರಿಗೆ ಗೊತ್ತಿರಲಿಲ್ಲ. ಆಮೇಲೆ ತಿಳೀತು. ಅದಕ್ಕೇ ನನ್ನ ಜೊತೆ ಮಾತು ಬಿಟ್ಟಿದ್ದು."

"ನಿಜವಾ?"

"ನಿಜ ಅಮ್ಮ."

ಅಮ್ಮ ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಆಮೇಲೆ ಅಂದರು, "ಹಾಗಾದ್ರೆ ನೀನಿನ್ನು ಬರಬೇಡ. ನಿನ್ನ ದನೀಲಿ ಅವಳನ್ನ ನೋಡೋಕೆ ಇನ್ನು ನನ್ನ ಕೈಲಾಗಲ್ಲ."

ಅವಳು ಎದ್ದಳು. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ಕಣ್ಣೀರಿನಲ್ಲಿ ಯಾವುದು ಎಡ, ಯಾವುದು ಬಲ ಎಂದು ಕಾಣಲಿಲ್ಲ. ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಇಳಿಯತೊಡಗಿದಳು.

ಎರಡನೆಯ ಮಹಡಿಯ ತಿರುವಿನಲ್ಲಿ ಅವನು ಎದುರಾದ. ಪ್ರೆಸ್ಸಿನಲ್ಲಿ ಕರೆಂಟು ಹೋಗಿ ಬೇಗ ಬಿಟ್ಟಿದ್ದರಂತೆ. ಎಂಟು ತಿಂಗಳ ಮೇಲೆ ಇಷ್ಟು ಹತ್ತಿರದಿಂದ ನೋಡುತ್ತಿದ್ದಳು. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಅವಳ ಮುಖ ನೋಡಿದವನೇ ಗೋಡೆಗೆ ಕೈಯಾನಿಸಿದ.

"ಏನಾಯ್ತು?"

"ಅಮ್ಮಂಗೆ ಹೇಳ್ದೆ."

ಅವನು ತಲೆಯೆತ್ತಿ ಮೇಲಿನ ಬಾಗಿಲ ಕಡೆ ನೋಡಿದ.

"ನಿಮ್ಮದು ಹೇಳಿಲ್ಲ" ಅಂದಳು. "ಕೇಳಿದ್ರು. ಗೊತ್ತಿರಲಿಲ್ಲ ಅಂದೆ. ಇನ್ಮೇಲೆ ನೀವೂ ಹಾಗೇ ಅನ್ನಿ."

"ಯಾಕೆ ಹಾಗೆ ಮಾಡಿದ್ರಿ? ಎಲ್ಲಾ ನಿಮ್ಮ ತಲೆ ಮೇಲೆ..."

"ನಿಮ್ಮ ಕೈಯಿಂದ ಅವರು ಊಟ ಮಾಡ್ಬೇಕು. ನಾನು ಹೊರಗಿನವಳು. ನನ್ನನ್ನ ದ್ವೇಷ ಮಾಡ್ಕೊಂಡು ಅವರು ನೆಮ್ಮದಿಯಾಗಿರಬಹುದು."

ಅವನು ಒಂದು ಮೆಟ್ಟಿಲು ಹತ್ತಿ ಬಂದ. ಈಗ ಇಬ್ಬರ ಮುಖಗಳೂ ಒಂದೇ ಎತ್ತರದಲ್ಲಿದ್ದವು. ಅವನ ತುಟಿ ಅಲುಗಿತು. "ನಾನು ನಿಮ್ಮನ್ನ..."

ಅವಳು ಅಂಗೈಯನ್ನು ಅವನ ಬಾಯಿಗೆ ಅಡ್ಡ ಹಿಡಿದಳು. ಉಸಿರು ಬಿಸಿಯಾಗಿ ತಾಗಿತು. "ಬೇಡ. ಹೇಳಿದ್ರೆ ನಾನು ಹೋಗಲ್ಲ."

ಅವನು ಕಣ್ಣು ಮುಚ್ಚಿ ಆ ಅಂಗೈಗೆ ಮುಖ ಒತ್ತಿದ. ಎಷ್ಟು ಹೊತ್ತೋ. ಮೇಲಿನಿಂದ ಬಾಗಿಲು ತಡಕುವ ಸದ್ದಾಯಿತು, ಆಮೇಲೆ ಅಮ್ಮನ ದನಿ, "ಯಾರದು ಮೆಟ್ಟಿಲ ಮೇಲೆ? ನೀನೇನೋ?"

ಅವನು ಕಣ್ಣು ತೆರೆದು ಅವಳನ್ನು ನೋಡಿದ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಗೋಡೆಗೆ ಒತ್ತಿಕೊಂಡು ಅವನಿಗೆ ದಾರಿ ಬಿಟ್ಟಳು.

"ನಾನೇ ಅಮ್ಮ" ಅಂದ ಅವನು. "ಬಂದೆ."

"ಜೊತೇಲಿ ಯಾರಿದ್ದಾರೆ?"

"ಯಾರೂ ಇಲ್ಲಮ್ಮ."

ಅವನು ಮೇಲಕ್ಕೆ ಹತ್ತಿದ. ಅವಳು, ಹೆಜ್ಜೆಯ ಸದ್ದು ಕೇಳಿಸದಿರಲೆಂದು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಿನಲ್ಲಿ ಕೆಳಗಿಳಿದು ಹೋದಳು.